ಆ 1 ರೂಪಾಯಿ ಕೊಡಬೇಕಾದವರು ಯಾರು? ಮಂಗಳೂರು, ಉಡುಪಿಯ ಇವಿ ಚಾರ್ಜಿಂಗ್ ದರದ ಒಳಲೆಕ್ಕ

ಸರ್ಕಾರಿ ಜಾಗದಲ್ಲಿ ವಿದ್ಯುತ್ ವಾಹನಗಳ ಚಾರ್ಜಿಂಗ್ ಕೇಂದ್ರ ತೆರೆಯುವ ಮಾತು ಬಂದಾಗಲೆಲ್ಲ ‘ಯೂನಿಟ್‌ಗೆ 1 ರೂಪಾಯಿ’ ಎಂಬ ಅಂಕಿ ಸುದ್ದಿಯಲ್ಲಿ ಕಾಣಿಸಿಕೊಳ್ಳುತ್ತದೆ. ಅದರ ಬೆನ್ನಿಗೇ ‘ಹಗಲು 0.7 ಪಟ್ಟು, ಉಳಿದ ಹೊತ್ತು 1.3 ಪಟ್ಟು’ ಎಂಬ ಇನ್ನೊಂದು ಲೆಕ್ಕ. ಇದನ್ನು ಓದಿದವರು ಹೋಗಿ ಫಾಸ್ಟ್ ಚಾರ್ಜರ್‌ನ ಗನ್ (ಪ್ಲಗ್) ಗಾಡಿಗೆ ಸಿಕ್ಕಿಸಿದರೆ ಮೊಬೈಲಿನಲ್ಲಿ ಕಾಣುವ ದರ ಸಾಮಾನ್ಯವಾಗಿ 18ರಿಂದ 25 ರೂಪಾಯಿ. ಮನೆಯಲ್ಲಿ ಅದೇ ಯೂನಿಟ್ ತೆರಿಗೆ, ಸರ್ಚಾರ್ಜ್ ಎಲ್ಲ ಸೇರಿ 7 ರೂಪಾಯಿಯ ಆಸುಪಾಸಿನಲ್ಲಿ ಸಿಗುತ್ತದೆ. ನಡುವಿನ ದುಡ್ಡು ಎಲ್ಲಿ ಹೋಯಿತು, ಪಾಲಿಕೆ ಇದಕ್ಕೊಂದು ದರ ಕಟ್ಟಬಾರದೇ ಎಂಬ ಪ್ರಶ್ನೆ ಏಳುವುದು ಸಹಜ.

ಮೊದಲು ಗೊಂದಲದ ಬುಡ. ಆ 1 ರೂಪಾಯಿಯನ್ನು ಚಾರ್ಜ್ ಮಾಡಿಸಿಕೊಳ್ಳುವವರು ಕೊಡುವುದಲ್ಲ. ಚಾರ್ಜಿಂಗ್ ಕೇಂದ್ರ ನಡೆಸುವವರು ಜಾಗದ ಬಾಬ್ತು ಪಾಲಿಕೆಗೋ ನಗರಸಭೆಗೋ ಕೊಡಬೇಕಾದ ಪಾಲು ಅದು.

ಮೂರು ಅಂಕಿ, ಎರಡು ಲೆಕ್ಕ

ಕೇಂದ್ರ ವಿದ್ಯುತ್ ಸಚಿವಾಲಯ 2024ರ ಸೆಪ್ಟೆಂಬರ್ 17ರಂದು ಹೊರಡಿಸಿದ ಮಾರ್ಗಸೂಚಿಯಲ್ಲಿ ಈ ಮೂರೂ ಅಂಕಿಗಳಿವೆ. 1 ರೂಪಾಯಿಯ ಲೆಕ್ಕ ಒಂದು, ಉಳಿದೆರಡರ ಲೆಕ್ಕ ಇನ್ನೊಂದು.

ಮೊದಲನೆಯದು 1 ರೂಪಾಯಿ. ಸರ್ಕಾರಿ ಜಾಗವನ್ನು ತಿಂಗಳ ಬಾಡಿಗೆಗೆ ಕೊಡುವ ಬದಲು, ಮಾರಾಟವಾದ ಪ್ರತಿ ಯೂನಿಟ್‌ಗೆ ಇಷ್ಟು ಎಂದು ಆದಾಯ ಹಂಚಿಕೊಳ್ಳುವ ವ್ಯವಸ್ಥೆ. ಮೊದಲ ಅವಧಿ 10 ವರ್ಷ. ಖಾಸಗಿಯವರಿಗೆ ಕೊಡುವುದಾದರೆ ಅದೇ 1 ರೂಪಾಯಿಯನ್ನು ಕನಿಷ್ಠವಾಗಿಟ್ಟು ಬಿಡ್ ಕರೆಯುವ ದಾರಿ 2022ರ ಮಾರ್ಗಸೂಚಿಯಲ್ಲೇ ಇತ್ತು.

0.7 ಮತ್ತು 1.3 ಇರುವುದು ಇಲ್ಲಿಗೆ ವಿದ್ಯುತ್ ಪೂರೈಸುವ ಮೆಸ್ಕಾಂ ಮತ್ತು ಕೇಂದ್ರ ನಡೆಸುವವರ ನಡುವೆ. ವಿದ್ಯುತ್ ಕಂಪನಿಗೆ ಒಂದು ಯೂನಿಟ್ ಪೂರೈಸಲು ಬೀಳುವ ಸರಾಸರಿ ವೆಚ್ಚಕ್ಕಿಂತ ಹೆಚ್ಚಿನ ಮೂಲ ದರ 2028ರ ಮಾರ್ಚ್ 31ರವರೆಗೆ ಬೇಡ, ಬೆಳಿಗ್ಗೆ 9ರಿಂದ ಸಂಜೆ 4ರವರೆಗಿನ ಬಿಸಿಲ ಹೊತ್ತಿನಲ್ಲಿ ಅದರ 0.7 ಪಟ್ಟು, ಉಳಿದ ಹೊತ್ತಿನಲ್ಲಿ 1.3 ಪಟ್ಟು ಇರಲಿ ಎಂಬುದು ಮಾರ್ಗಸೂಚಿಯ ಮಾತು. ಸರಾಸರಿ ವೆಚ್ಚ 8 ರೂಪಾಯಿ ಎಂದಿಟ್ಟುಕೊಂಡರೆ ಹಗಲಿಗೆ 5.60, ಉಳಿದ ಹೊತ್ತಿಗೆ 10.40. ಆದರೆ ಮಾರ್ಗಸೂಚಿ ಮಾರ್ಗಸೂಚಿಯೇ. ಮೆಸ್ಕಾಂ ಬಿಲ್ಲಿನಲ್ಲಿ ಅಚ್ಚಾಗುವುದು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ದರ ಆದೇಶದಲ್ಲಿ ಇರುವ ಅಂಕಿ. ಆಯೋಗ ಚಾರ್ಜಿಂಗ್ ಕೇಂದ್ರಗಳಿಗೆಂದು ಪ್ರತ್ಯೇಕ ವರ್ಗವನ್ನೇ ಇಟ್ಟಿದೆ.

ಹಗಲಿಗೆ ರಿಯಾಯಿತಿ ಏಕೆಂದರೆ ಪಾವಗಡ, ಚಿತ್ರದುರ್ಗದ ಕಡೆಯ ಸೋಲಾರ್ ವಿದ್ಯುತ್ ಮಧ್ಯಾಹ್ನ ಗ್ರಿಡ್‌ಗೆ ಒಮ್ಮೆಲೇ ಸುರಿಯುತ್ತದೆ, ಸಂಜೆ ಮನೆಮನೆಯ ದೀಪ ಹೊತ್ತುವ ಹೊತ್ತಿಗೆ ನಿಂತುಹೋಗುತ್ತದೆ. ಕರಾವಳಿಯವರಿಗೆ ಇಲ್ಲೊಂದು ಸಂಶಯ ಬರಬಹುದು: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಸಿಲೇ ಕಾಣದ ಊರಿಗೆ ಬಿಸಿಲ ದರ ಹೇಗೆ? ಚಾರ್ಜಿಂಗ್ ಕೇಂದ್ರದ ಮಾಡಿನ ಮೇಲೆ ಹಾಕಿದ ಪ್ಯಾನಲ್ ಮಳೆಗಾಲದಲ್ಲಿ ಸೋಲುತ್ತದೆ ನಿಜ. ಆದರೆ ತಂತಿಯಲ್ಲಿ ಬರುವ ವಿದ್ಯುತ್ ಬಯಲುಸೀಮೆಯದು. ಅಲ್ಲಿಯ ಮೋಡ ಬೇರೆ, ಇಲ್ಲಿಯ ಮೋಡ ಬೇರೆ. ಮೇಲಾಗಿ ಮಳೆಗಾಲದಲ್ಲಿ ಶರಾವತಿ, ವಾರಾಹಿ ತುಂಬಿಕೊಳ್ಳುತ್ತವೆ.

ಪಾಲಿಕೆಯ ಕೈ ಎಲ್ಲಿಯವರೆಗೆ

‘ಪಾಲಿಕೆ ದರ ನಿಗದಿ ಮಾಡಲಿ’ ಎಂದಾಗ ಯಾವ ದರ ಎಂದು ಕೇಳಬೇಕು. ವಿದ್ಯುತ್ ದರ ನಿಗದಿ 2003ರ ವಿದ್ಯುತ್ ಕಾಯ್ದೆಯ ಪ್ರಕಾರ ಆಯೋಗದ ಕೆಲಸ. ಅದರ ಮೇಲೆ ಕೇಂದ್ರ ನಡೆಸುವವರು ಹಾಕಿಕೊಳ್ಳುವ ಸೇವಾ ಶುಲ್ಕಕ್ಕೆ ಗರಿಷ್ಠ ಮಿತಿ ಹಾಕುವ ಹೊಣೆಯನ್ನು ಮಾರ್ಗಸೂಚಿ ರಾಜ್ಯ ಸರ್ಕಾರಕ್ಕೆ ಬಿಟ್ಟಿದೆ. ಜಿಎಸ್‌ಟಿ ಯಾರ ಕೈಯಲ್ಲಿದೆ ಎಂದು ಹೇಳಬೇಕಾಗಿಲ್ಲ.

ಮಂಗಳೂರು ಮಹಾನಗರ ಪಾಲಿಕೆಗೆ 1976ರ ಪೌರ ನಿಗಮಗಳ ಕಾಯ್ದೆ, ಉಡುಪಿ ನಗರಸಭೆಗೆ 1964ರ ಪೌರಸಭೆಗಳ ಕಾಯ್ದೆ. ಎರಡರಲ್ಲೂ ಸ್ಥಳೀಯ ಸಂಸ್ಥೆಯ ಬಲ ಇರುವುದು ತನ್ನ ಜಾಗದ ಮೇಲೆ: ಯಾವ ಜಾಗ ಕೊಡುವುದು, ಯಾವ ಷರತ್ತಿಗೆ ಕೊಡುವುದು, ಅಲ್ಲಿ ಗಾಡಿ ನಿಲ್ಲಿಸಿದ್ದಕ್ಕೆ ಎಷ್ಟು ತೆಗೆದುಕೊಳ್ಳುವುದು. ಖಾಸಗಿ ಮಾಲ್‌ನಲ್ಲೋ ಪೆಟ್ರೋಲ್ ಬಂಕ್‌ನಲ್ಲೋ ಇರುವ ಚಾರ್ಜರ್‌ಗೆ ದರ ಕಟ್ಟುವ ಅಧಿಕಾರ ಅದಕ್ಕಿಲ್ಲ. ತನ್ನ ಜಾಗದ ಚಾರ್ಜರ್‌ನ ದರವನ್ನು ಮಾತ್ರ ಟೆಂಡರ್ ಷರತ್ತಿನ ಮೂಲಕ ಹಿಡಿತದಲ್ಲಿಡಬಹುದು. ಕೇಳಲು ಇದು ಸಣ್ಣ ಅಧಿಕಾರ. ಆದರೆ ಹಂಪನಕಟ್ಟೆ, ಲಾಲ್‌ಬಾಗ್, ಕದ್ರಿ, ಕಂಕನಾಡಿಯಂಥ ಕಡೆ ಜಾಗವೇ ಸಿಗದ ಊರಿನಲ್ಲಿ ಜಾಗ ಇರುವವರ ಮಾತು ನಡೆಯುತ್ತದೆ.

‘ಸೇವೆ’ ಎಂಬ ಒಂದು ಪದ

ದರದಲ್ಲಿ ಜಿಎಸ್‌ಟಿ ಹೇಗೆ ನುಸುಳಿತು ಎಂಬುದಕ್ಕೊಂದು ಸಣ್ಣ ಇತಿಹಾಸವಿದೆ. 2018ರ ಏಪ್ರಿಲ್‌ನಲ್ಲಿ ವಿದ್ಯುತ್ ಸಚಿವಾಲಯ ಒಂದು ಸ್ಪಷ್ಟೀಕರಣ ಕೊಟ್ಟಿತು: ವಾಹನದ ಬ್ಯಾಟರಿ ಚಾರ್ಜ್ ಮಾಡುವುದು ವಿದ್ಯುತ್ ಮಾರಾಟವಲ್ಲ, ಅದೊಂದು ಸೇವೆ, ಹಾಗಾಗಿ ಲೈಸೆನ್ಸ್ ಬೇಡ. ಯಾರು ಬೇಕಾದರೂ ಕೇಂದ್ರ ತೆರೆಯಲು ದಾರಿಯಾದದ್ದು ಆ ಒಂದು ಪದದಿಂದ.

ಅದೇ ಪದ 2023ರಲ್ಲಿ ತಿರುಗಿ ಬಂತು. ಮೈಸೂರಿನ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ ಕೇಳಿದ ಪ್ರಶ್ನೆಗೆ ಕರ್ನಾಟಕದ ಜಿಎಸ್‌ಟಿ ಮುಂಗಡ ತೀರ್ಪು ಪ್ರಾಧಿಕಾರ ಕೊಟ್ಟ ಉತ್ತರ: ಚಾರ್ಜಿಂಗ್ ಸೇವೆಯೇ ಆದ್ದರಿಂದ ಶೇ 18 ಜಿಎಸ್‌ಟಿ, ಸೇವಾ ಶುಲ್ಕಕ್ಕಷ್ಟೇ ಅಲ್ಲ, ಅದರೊಳಗಿನ ವಿದ್ಯುತ್ ಮೊತ್ತಕ್ಕೂ. ಮನೆಯ ಮೀಟರಿನಲ್ಲಿ ಬಳಸಿದ ವಿದ್ಯುತ್ತಿಗೆ ಜಿಎಸ್‌ಟಿ ಇಲ್ಲ. ಅದೇ ವಿದ್ಯುತ್ ಗನ್ ಮೂಲಕ ಬಂದರೆ ಶೇ 18. ಮನೆಯಲ್ಲಿ ಚಾರ್ಜ್ ಮಾಡಲು ಜಾಗವಿಲ್ಲದ ಬಾಡಿಗೆ ಮನೆಯವರೇ ಈ ತೆರಿಗೆ ಕಟ್ಟುವವರು ಎಂಬುದು ಕಣ್ಣಿಗೆ ಬೀಳದೆ ಉಳಿದಿದೆ.

ಮನೆಯ ಚಾರ್ಜಿಂಗ್‌ಗೂ ಒಂದು ಮುಳ್ಳಿದೆ. 3 ಯೂನಿಟ್ ಹಿಡಿಯುವ ಸ್ಕೂಟರ್ ತಿಂಗಳಿಗೆ 25 ಸಲ ತುಂಬಿಸಿದರೆ ನಷ್ಟ ಸೇರಿ 80 ಯೂನಿಟ್‌ಗೂ ಮೇಲೆ. ಗೃಹಜ್ಯೋತಿಯ 200 ಯೂನಿಟ್ ಗೆರೆಯ ಹತ್ತಿರ ಇರುವ ಮನೆ ಇದರಿಂದ ಗೆರೆ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು.

ಒಂದು ಯೂನಿಟ್‌ನ ಬಿಲ್ ಬಿಚ್ಚಿದರೆ

ಎರಡು ಗನ್‌ನ, 60 ಕಿಲೋವಾಟ್‌ನ ಒಂದು ಡಿಸಿ ಚಾರ್ಜರ್ (ಫಾಸ್ಟ್ ಚಾರ್ಜರ್) ತೆಗೆದುಕೊಳ್ಳೋಣ. ಮುಂದಿನ ಮೊತ್ತಗಳು ಲೆಕ್ಕ ಅರ್ಥವಾಗಲೆಂದು ಹಿಡಿದವು. ಜಾಗದಿಂದ ಜಾಗಕ್ಕೆ ಬದಲಾಗುತ್ತವೆ. ಯಂತ್ರ, ಕೇಬಲ್, ಪ್ಯಾನಲ್, ಟಿಸಿ (ಟ್ರಾನ್ಸ್‌ಫಾರ್ಮರ್) ಬದಲಾವಣೆಯ ಪಾಲು, ನೆಲಗಟ್ಟು, ಮಾಡು ಎಲ್ಲ ಸೇರಿ 16 ಲಕ್ಷ ರೂಪಾಯಿ. 8 ವರ್ಷ ಬಾಳಿಕೆ ಎಂದರೆ ವರ್ಷಕ್ಕೆ 2 ಲಕ್ಷ ಸವಕಳಿ. ಬಡ್ಡಿ ಸರಾಸರಿ 80 ಸಾವಿರ. ದುರಸ್ತಿ, ಸಾಫ್ಟ್‌ವೇರ್, ಯಂತ್ರದ ಇಂಟರ್‌ನೆಟ್ ಸಿಮ್, ವಿಮೆ, ನೋಡಿಕೊಳ್ಳುವವರ ಸಂಬಳದ ಪಾಲು 1.2 ಲಕ್ಷ. ಒಟ್ಟು 4 ಲಕ್ಷ, ಅಂದರೆ ದಿನಕ್ಕೆ ಸುಮಾರು 1,100 ರೂಪಾಯಿ. ಒಂದು ಗಾಡಿಯೂ ಬರದಿದ್ದರೂ ಈ ಖರ್ಚು ನಿಲ್ಲುವುದಿಲ್ಲ.

ಇನ್ನು ಯೂನಿಟ್ ಲೆಕ್ಕ. ಮೆಸ್ಕಾಂಗೆ ಕಟ್ಟುವುದು 7 ರೂಪಾಯಿ ಎಂದಿರಲಿ. ತಂತಿಯಲ್ಲಿ ಬರುವ ಎಸಿ ಕರೆಂಟನ್ನು ಬ್ಯಾಟರಿಗೆ ಬೇಕಾದ ಡಿಸಿ ಮಾಡುವಾಗ ಶೇ 6ರಷ್ಟು ಬಿಸಿಯಾಗಿ ಹೋಗುತ್ತದೆ. ಮೆಸ್ಕಾಂ ಮೀಟರ್ ಯಂತ್ರದ ಹಿಂದಿದೆ, ಗ್ರಾಹಕರ ಮೀಟರ್ ಮುಂದಿದೆ; ಈ ನಷ್ಟ ಕೇಂದ್ರದವರ ತಲೆಗೆ. ಹಾಗಾಗಿ 7 ರೂಪಾಯಿ 7.45 ಆಗುತ್ತದೆ. ಜಾಗದ ಪಾಲು 1 ರೂಪಾಯಿ. ಅಲ್ಲಿಗೆ 8.45. ಇದಕ್ಕೆ ಆ 1,100 ರೂಪಾಯಿಯನ್ನು ಹಂಚಬೇಕು, ಮತ್ತು ಎಷ್ಟು ಯೂನಿಟ್‌ಗೆ ಹಂಚುತ್ತೇವೆ ಎಂಬುದರ ಮೇಲೇ ಎಲ್ಲ ನಿಂತಿದೆ.

ದಿನಕ್ಕೆ 60 ಯೂನಿಟ್ ಮಾತ್ರ ಹೋದರೆ ಪ್ರತಿ ಯೂನಿಟ್ 18.30 ರೂಪಾಯಿ ಹೊರಬೇಕು. ಜಿಎಸ್‌ಟಿ ಸೇರಿಸಿದರೆ ದರ 31.60. ದಿನಕ್ಕೆ 150 ಯೂನಿಟ್ ಹೋದರೆ ಹೊರೆ 7.30, ದರ 18.60. ದಿನಕ್ಕೆ 300 ಯೂನಿಟ್ ಹೋದರೆ ಹೊರೆ 3.70ಕ್ಕೆ ಇಳಿದು ದರ 14.30. ಲಾಭವನ್ನು ಇನ್ನೂ ಸೇರಿಸಿಲ್ಲ.

ಇದೇ ಯಂತ್ರ ದಿನವಿಡೀ ಪೂರ್ಣ ಬಲದಲ್ಲಿ ಓಡಿದರೆ 1,440 ಯೂನಿಟ್ ಕೊಡಬಲ್ಲದು. 60 ಯೂನಿಟ್ ಎಂದರೆ ಅದರ ಶೇ 4. 150 ಎಂದರೆ ಶೇ 10. 300 ಎಂದರೆ ಶೇ 21. ಮಂಗಳೂರಿನ ಫಾಸ್ಟ್ ಚಾರ್ಜರ್‌ನಲ್ಲಿ 20 ರೂಪಾಯಿ ಕಂಡಾಗ ಅದು ದುರಾಸೆಯ ದರವೋ ಖಾಲಿ ಕುಳಿತ ಯಂತ್ರದ ದರವೋ ಎಂದು ಹೊರಗಿನಿಂದ ಹೇಳಲಾಗದು. ರಾಜ್ಯದಲ್ಲಿ 5 ಸಾವಿರಕ್ಕೂ ಹೆಚ್ಚು ಸಾರ್ವಜನಿಕ ಚಾರ್ಜಿಂಗ್ ಕೇಂದ್ರಗಳಿದ್ದು, ಅವುಗಳಲ್ಲಿ ಬಹುಪಾಲು ಬೆಂಗಳೂರಿನಲ್ಲಿವೆ. ಗಾಡಿಗಳೂ ಅಲ್ಲೇ ಹೆಚ್ಚು. ಅಲ್ಲಿ ಹೊಂದುವ ದರ ಇಲ್ಲಿ ಹೊಂದಲೇಬೇಕೆಂದಿಲ್ಲ.

12 ರೂಪಾಯಿ ಮಿತಿ ಹಾಕಿದರೆ ಏನಾಗುತ್ತದೆ

ಬೇಡಿಕೆ ಹೀಗಿದೆ ಎಂದಿಟ್ಟುಕೊಳ್ಳೋಣ: ಪಾಲಿಕೆ ಜಾಗದಲ್ಲಿ ತೆರಿಗೆ ಸೇರಿ 12 ರೂಪಾಯಿ ಮೀರಬಾರದು. ಮೇಲಿನ ಲೆಕ್ಕಕ್ಕೇ ಹಾಕಿ ನೋಡೋಣ. 12ರಲ್ಲಿ ಜಿಎಸ್‌ಟಿ ಕಳೆದರೆ ಉಳಿಯುವುದು 10.17. ಅದರಲ್ಲಿ 8.45 ಹೋದರೆ 1.72. ದಿನದ 1,100 ಹುಟ್ಟಬೇಕಾದರೆ 640 ಯೂನಿಟ್ ಮಾರಬೇಕು; ಅಂದರೆ ಯಂತ್ರ ದಿನಕ್ಕೆ ಹತ್ತೂವರೆ ಗಂಟೆಗೂ ಹೆಚ್ಚು ಹೊತ್ತು ಪೂರ್ಣ ಬಲದಲ್ಲಿ ಓಡಬೇಕು. ಸದ್ಯಕ್ಕೆ ಈ ಊರಿನಲ್ಲಿ ಅಷ್ಟು ಕಾರುಗಳು ಸಾಲು ನಿಲ್ಲುವುದಿಲ್ಲ.

ಹಾಗೆಂದು ಕೇಂದ್ರದವರು ಮರುದಿನವೇ ಬೀಗ ಹಾಕುವುದೂ ಇಲ್ಲ. ಆಗುವುದು ಬೇರೆ. ಮೊದಲು ಎರಡರಲ್ಲಿ ಒಂದು ಗನ್ ಕೆಡುತ್ತದೆ, ದುರಸ್ತಿ ಮುಂದೆ ಹೋಗುತ್ತದೆ. ಸಿಮ್‌ಗೆ ದುಡ್ಡು ಕಟ್ಟುವುದು ತಡವಾಗುತ್ತದೆ. ಮೊಬೈಲ್ ಆ್ಯಪ್‌ನಲ್ಲಿ ‘ಲಭ್ಯ’ ಎಂದು ಹಸಿರು ಚುಕ್ಕೆ ಕಾಣುತ್ತಲೇ ಇರುತ್ತದೆ, ಹೋದವರು ಬರಿಗೈಯಲ್ಲಿ ಮರಳುತ್ತಾರೆ. ಎರಡು ಸಲ ಹಾಗಾದರೆ ಮೂರನೇ ಸಲ ಯಾರೂ ಬರುವುದಿಲ್ಲ. ಬಳಕೆ ಇಳಿಯುತ್ತದೆ, ಯೂನಿಟ್‌ನ ಮೇಲಿನ ಹೊರೆ ಇನ್ನೂ ಏರುತ್ತದೆ. ಕಡಿಮೆ ದರದ ಬೋರ್ಡ್ ಇರುತ್ತದೆ, ಕರೆಂಟ್ ಇರುವುದಿಲ್ಲ.

ಇದಕ್ಕೆ ತದ್ವಿರುದ್ಧ ತಪ್ಪು ಇನ್ನೊಂದಿದೆ: ಜಾಗಕ್ಕೆ ಅತಿ ಹೆಚ್ಚು ಕೊಡುವವರಿಗೇ ಟೆಂಡರ್. ಒಬ್ಬರು 1 ರೂಪಾಯಿಯ ಬದಲು 4 ರೂಪಾಯಿ ಕೊಡುತ್ತೇವೆಂದು ಬಿಡ್ ಹಾಕಿ ಗೆದ್ದರೆ, ಆ 3 ರೂಪಾಯಿ ಜಿಎಸ್‌ಟಿ ಕೂಡಿ 3.54 ಆಗಿ ಗ್ರಾಹಕರ ಬಿಲ್ಲಿಗೆ ಬರುತ್ತದೆ. 150 ಯೂನಿಟ್ ಹೋಗುವ ಕೇಂದ್ರದಲ್ಲಿ ಪಾಲಿಕೆಗೆ ಸಿಗುವ ಹೆಚ್ಚುವರಿ ತಿಂಗಳಿಗೆ 13,500 ರೂಪಾಯಿ. ಅಷ್ಟಕ್ಕಾಗಿ ಊರಿನ ಚಾರ್ಜಿಂಗ್ ದರವನ್ನೇ ಮೇಲೇರಿಸಿದಂತಾಗುತ್ತದೆ.

ಯಾರ ವಾದದಲ್ಲಿ ಎಷ್ಟು ಹುರುಳು

ಪಾಲಿಕೆಯ ಲೆಕ್ಕ ವಿಭಾಗ ಗೊಣಗಿದರೆ ಅದಕ್ಕೂ ಕಾರಣವಿದೆ. ದಿನಕ್ಕೆ 150 ಯೂನಿಟ್ ಹೋಗುವ ಕೇಂದ್ರದಿಂದ ಬರುವ ಪಾಲು 150 ರೂಪಾಯಿ. ಅದೇ ಎರಡು ಗಾಡಿಯ ಜಾಗವನ್ನು ಗಂಟೆಗೆ 20 ರೂಪಾಯಿಯಂತೆ ಹತ್ತು ಗಂಟೆ ಪಾರ್ಕಿಂಗ್‌ಗೆ ಬಿಟ್ಟರೆ 400. ಪೇಟೆಯ ನಡುವೆ ಜಾಗ ಕೊಡುವುದು ನಷ್ಟವೇ. ಹಂಪನಕಟ್ಟೆಯಲ್ಲಿ ಕೊಡುವ ಬದಲು ಉರ್ವ, ಕೂಳೂರು, ಪಣಂಬೂರು ಬೀಚ್‌ನಂಥ ಕಡೆ ಕೊಡೋಣ ಎಂಬ ಯೋಚನೆ ಹುಟ್ಟುವುದು ಹೀಗೆ. ಆದರೆ ಬಳಕೆಯಾಗುವ ಜಾಗ ಪೇಟೆಯದ್ದೇ.

ಮೆಸ್ಕಾಂನ ಚಿಂತೆ ಟಿಸಿಯದ್ದು. 250 ಕೆವಿಎ ಟಿಸಿಯ ಮೇಲೆ ಆಗಲೇ ಅಂಗಡಿ, ಫ್ಲ್ಯಾಟ್‌ಗಳ ಎಸಿಗಳಿವೆ. ಅದಕ್ಕೆ 60 ಕಿಲೋವಾಟ್ ಒಮ್ಮೆಲೇ ಬಿದ್ದರೆ ಏಪ್ರಿಲ್–ಮೇ ತಿಂಗಳ ಸಂಜೆ ತಡೆಯಲಾರದು. ಸಂಜೆಯ ದರ ಹೆಚ್ಚಿರಲಿ ಎಂಬ ವಾದ ಇಲ್ಲಿಂದ ಬರುವುದು, ಅದರಲ್ಲಿ ಸತ್ಯವಿದೆ.

ಉಡುಪಿಯ ಸಮಸ್ಯೆ ಸ್ವಲ್ಪ ಬೇರೆ. ಶನಿವಾರ, ಭಾನುವಾರ ಘಟ್ಟ ಇಳಿದು ಬಂದ ಕಾರುಗಳು ಕೃಷ್ಣಮಠ, ಮಲ್ಪೆಯ ಸುತ್ತ ಚಾರ್ಜರ್ ಹುಡುಕುತ್ತವೆ. ಮಂಗಳವಾರ ಅದೇ ಚಾರ್ಜರ್ ಖಾಲಿ. ಮಣಿಪಾಲದಲ್ಲಿ ವಿದ್ಯಾರ್ಥಿಗಳ ಸ್ಕೂಟರ್ ಹೆಚ್ಚು, ಅವಕ್ಕೆ 60 ಕಿಲೋವಾಟ್ ಬೇಕಿಲ್ಲ. ವಾರವಿಡೀ ಒಂದೇ ದರ ಇಟ್ಟರೆ ರಜಾದಿನದ ಪ್ರವಾಸಿಗರ ಸಾಲಿನ ಭಾರವನ್ನು ಊರಿನವರೇ ಹೊತ್ತಂತೆ.

ಇನ್ನು ರಿಕ್ಷಾದವರು. ಬ್ಯಾಟರಿ ವಾಹನಗಳಿಗೆ ಕೇಂದ್ರ ಸರ್ಕಾರ 2018ರಲ್ಲಿ ಪರ್ಮಿಟ್ ವಿನಾಯಿತಿ ಕೊಟ್ಟ ಮೇಲೆ ಇ–ರಿಕ್ಷಾಗಳು ಹೆಚ್ಚಿದವು. ದಿನಕ್ಕೆ ನೂರು ಕಿಲೋಮೀಟರ್ ಓಡುವ ರಿಕ್ಷಾ ಸುಮಾರು 9 ಯೂನಿಟ್ ತಿನ್ನುತ್ತದೆ. ಮನೆಯಲ್ಲಾದರೆ 63 ರೂಪಾಯಿ, 18.60ರ ಲೆಕ್ಕದಲ್ಲಿ 167. ತಿಂಗಳಿಗೆ 26 ದಿನವೆಂದರೆ ವ್ಯತ್ಯಾಸ 2,700 ರೂಪಾಯಿ. ಆದರೆ ಇಲ್ಲಿ ಮಾತು ಕೇವಲ ದರದ್ದಲ್ಲ. ಕಾರಿನ ಸಿಸಿಎಸ್–2 ಮಾದರಿಯ ಗನ್ ಹೆಚ್ಚಿನ ರಿಕ್ಷಾಗಳಿಗೆ ಸಿಕ್ಕುವುದೇ ಇಲ್ಲ. ಅವಕ್ಕೆ ಬೇಕಾದದ್ದು 16 ಆಂಪಿಯರ್‌ನ ಸಾಕೆಟ್. ಪಾಲಿಕೆ ಜಾಗದಲ್ಲಿ ದೊಡ್ಡ ಡಿಸಿ ಯಂತ್ರ ಮಾತ್ರ ಇಟ್ಟು ರಿಯಾಯಿತಿ ಕೊಟ್ಟರೆ ಆ ರಿಯಾಯಿತಿ ಹೋಗುವುದು ಕಾರಿನವರಿಗೆ.

ಉಪ್ಪುಗಾಳಿ, ಮುರಕಲ್ಲು, ಸಿಡಿಲು

ಕರಾವಳಿಯಲ್ಲಿ ದುರಸ್ತಿ ಖರ್ಚು ಒಳನಾಡಿಗಿಂತ ಹೆಚ್ಚು. ದರದ ಚರ್ಚೆಯಲ್ಲಿ ಇದನ್ನು ಯಾರೂ ಎತ್ತುವುದಿಲ್ಲ.

ಗನ್‌ನೊಳಗಿನ ಪಿನ್‌ಗಳ ಮೇಲೆ ಉಪ್ಪಿನ ತೇವ ಕೂತರೆ ಸಂಪರ್ಕ ಸಡಿಲವಾದಂತೆ ವರ್ತಿಸುತ್ತದೆ. ಅಲ್ಲಿ ಬಿಸಿ ಹೆಚ್ಚುತ್ತದೆ, ಗನ್‌ನ ಉಷ್ಣ ಸಂವೇದಕ ಅದನ್ನು ಗ್ರಹಿಸಿ ಕರೆಂಟ್ ತಗ್ಗಿಸುತ್ತದೆ. ಗ್ರಾಹಕರಿಗೆ ಕಾಣುವುದು ‘30 ಕಿಲೋವಾಟ್ ಎಂದಿದೆ, 12 ಬರುತ್ತಿದೆ’ ಎಂಬುದಷ್ಟೇ. ಮಲ್ಪೆ, ಪಣಂಬೂರಿನಂಥ ಕಡಲ ಅಂಚಿನಲ್ಲಿ ಗನ್ ಬಳಸದಾಗ ಹೋಲ್ಸ್ಟರ್‌ಗೆ (ಯಂತ್ರದಲ್ಲಿ ಗನ್ ಇಡುವ ಗೂಡಿಗೆ) ಸರಿಯಾಗಿ ಇಡುವುದು, ಮುಚ್ಚಳ ಹಾಕುವುದು, ಗಾಳಿ ಎಳೆಯುವ ಫಿಲ್ಟರ್ ಬೇಗ ಬೇಗ ಬದಲಿಸುವುದು ಅನಿವಾರ್ಯ. ಮಳೆ ಅಡ್ಡಡ್ಡ ಹೊಡೆಯುವ ಊರಿನಲ್ಲಿ ಮಾಡಿನ ಅಂಚು ಯಂತ್ರದಿಂದ ಒಂದೆರಡು ಅಡಿ ಮುಂದೆ ಬಂದರೆ ಸಾಲದು.

ಎರಡನೆಯದು ಅರ್ಥಿಂಗ್. ಮುರಕಲ್ಲಿನ ನೆಲ ಮಳೆಗಾಲದಲ್ಲಿ ತೊಯ್ದು ಒಳ್ಳೆಯ ಅರ್ಥ್ ಕೊಡುತ್ತದೆ. ಮಾರ್ಚ್‌ನಿಂದ ಮೇವರೆಗೆ ಒಣಗಿ ಅದರ ರೋಧ ಏರುತ್ತದೆ. ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಬೇಡದ ವೋಲ್ಟೇಜ್ ಕಾಣಿಸಿಕೊಂಡರೆ ಹಲವು ಗಾಡಿಗಳು ಚಾರ್ಜ್ ತೆಗೆದುಕೊಳ್ಳುವುದೇ ಇಲ್ಲ, ಪರದೆಯ ಮೇಲೆ ‘ಅರ್ಥ್ ಫಾಲ್ಟ್’ ಬರುತ್ತದೆ. ಗಾಡಿಯೂ ಸರಿ, ಯಂತ್ರವೂ ಸರಿ, ನೆಲ ಸರಿಯಿಲ್ಲ. ಅಕ್ಟೋಬರ್‌ನಲ್ಲಿ ಪರೀಕ್ಷಿಸಿ ‘ಪಾಸ್’ ಎಂದು ಬರೆದ ವರದಿಗೆ ಏಪ್ರಿಲ್‌ನಲ್ಲಿ ಬೆಲೆಯಿಲ್ಲ. ಪರೀಕ್ಷೆ ಒಣಕಾಲದಲ್ಲೇ ಆಗಬೇಕು, ಕೆಮಿಕಲ್ ಅರ್ಥಿಂಗ್ ಗುಂಡಿಗಳು ಒಂದಕ್ಕಿಂತ ಹೆಚ್ಚಿರಬೇಕು.

ಏಪ್ರಿಲ್–ಮೇ ಮತ್ತು ಅಕ್ಟೋಬರ್‌ನ ಸಿಡಿಲು ಪವರ್ ಮಾಡ್ಯೂಲ್‌ಗಳನ್ನು ಸುಡುತ್ತದೆ. ಸರ್ಜ್ ರಕ್ಷಕ ಒಂದು ಏಟು ತಿಂದು ಸತ್ತಿದ್ದನ್ನು ಬದಲಿಸದೆ ಬಿಟ್ಟರೆ ಎರಡನೇ ಏಟಿಗೆ ಯಂತ್ರವೇ ಹೋಗುತ್ತದೆ. ನೆಲಮಾಳಿಗೆಯ ಪಾರ್ಕಿಂಗ್‌ನಲ್ಲಿ ಇಟ್ಟರೆ ಸಿಡಿಲು, ಮಳೆ ಎರಡರಿಂದಲೂ ತಪ್ಪಿಸಿಕೊಳ್ಳಬಹುದು, ಆದರೆ ಮೊಬೈಲ್ ಸಿಗ್ನಲ್ ಇರುವುದಿಲ್ಲ. ಸರ್ವರ್‌ಗೆ ಸಂಪರ್ಕ ಸಿಗದೆ ದುಡ್ಡು ಪಾವತಿಯಾಗದು, ಚಾರ್ಜ್ ಶುರುವಾಗದು.

ಯೂನಿಟ್‌ಗಿಂತ ನಿಮಿಷ ಮುಖ್ಯ

ಪಾಲಿಕೆ ನಿಜವಾಗಿ ದರ ಕಟ್ಟಬೇಕಾದ್ದು ಜಾಗ ಹಿಡಿದುಕೊಂಡ ಹೊತ್ತಿಗೆ. ಅದು ಅದರ ಅಧಿಕಾರದೊಳಗೇ ಇದೆ.

30 ಯೂನಿಟ್ ಬ್ಯಾಟರಿಯ ಕಾರು 30 ಕಿಲೋವಾಟ್ ಗನ್‌ನಲ್ಲಿ ಶೇ 20ರಿಂದ 80ಕ್ಕೆ ಹೋಗಲು ಸುಮಾರು ಮುಕ್ಕಾಲು ಗಂಟೆ, ಅಷ್ಟರಲ್ಲಿ 18 ಯೂನಿಟ್. 80 ದಾಟಿದ ಮೇಲೆ ಬ್ಯಾಟರಿಯೇ ಕರೆಂಟ್ ಕಡಿಮೆ ಕೇಳುತ್ತದೆ. ಉಳಿದ 6 ಯೂನಿಟ್‌ಗೆ ಮತ್ತೆ ಹೆಚ್ಚುಕಡಿಮೆ ಅಷ್ಟೇ ಹೊತ್ತು. ದಿನಕ್ಕೆ 150 ಯೂನಿಟ್ ಹೋಗುವ ಕೇಂದ್ರದ 7.30 ರೂಪಾಯಿ ಹೊರೆಯ ಲೆಕ್ಕದಲ್ಲಿ, ಮೊದಲ ಮುಕ್ಕಾಲು ಗಂಟೆ ಕೇಂದ್ರದ ಸ್ಥಿರ ಖರ್ಚಿಗೆ 131 ರೂಪಾಯಿ ಹುಟ್ಟಿಸಿದರೆ ಎರಡನೆಯದು 44. ಪೂರ್ತಿ ತುಂಬಿದ ಮೇಲೂ ಗಾಡಿಯ ಯಜಮಾನರು ಮಾರ್ಕೆಟ್‌ನಲ್ಲೇ ಇದ್ದರೆ ಸೊನ್ನೆ. ಹಿಂದೆ ಕಾಯುವವರು ಬೇರೆಡೆ ಹೋಗುತ್ತಾರೆ, ಬಳಕೆ ಇಳಿಯುತ್ತದೆ, ದರ ಏರುತ್ತದೆ.

ಚಾರ್ಜ್ ಮುಗಿದು 10 ನಿಮಿಷ ಕಳೆದ ಮೇಲೆ ನಿಮಿಷಕ್ಕೆ 2 ರೂಪಾಯಿಯಂತೆ ಕಾಯಿಸಿದ ಶುಲ್ಕ ಹಾಕಿದರೆ ಈ ಕೊಂಡಿ ಕತ್ತರಿಸುತ್ತದೆ. ಪೇಟೆಯೊಳಗೆ ಇದನ್ನು ಶೇ 80 ದಾಟಿದಲ್ಲಿಂದಲೇ ಶುರುಮಾಡಬಹುದು, ಇನ್ನೊಂದು ಗನ್ನೂ ಭರ್ತಿಯಿದ್ದರೆ ಮಾತ್ರ ಎಂಬ ಷರತ್ತಿನೊಂದಿಗೆ. ಹೆದ್ದಾರಿ 66ರ ಬದಿಯಲ್ಲಿ, ಶಿರಾಡಿ ಹತ್ತಬೇಕಾದವರಿಗೆ ಈ 80ರ ನಿಯಮ ಹೊಂದುವುದಿಲ್ಲ. ಘಟ್ಟ ಹತ್ತುವಾಗ ಬ್ಯಾಟರಿ ಬೇಗ ಇಳಿಯುತ್ತದೆ, ಅವರಿಗೆ ನೂರು ತುಂಬಿಸಿಕೊಳ್ಳುವ ಅಗತ್ಯ ನಿಜವಾದದ್ದು.

ಯೂನಿಟ್ ದರ ಬಿಟ್ಟು ಇಡೀ ಶುಲ್ಕವನ್ನೇ ನಿಮಿಷಕ್ಕೆ ಕಟ್ಟುವುದು ಮಾತ್ರ ಅನ್ಯಾಯ. ನಿಧಾನಕ್ಕೆ ಚಾರ್ಜ್ ಆಗುವ ಹಳೆಯ, ಅಗ್ಗದ ಕಾರಿನವರು ಅದೇ ಯೂನಿಟ್‌ಗೆ ಇಮ್ಮಡಿ ತೆರಬೇಕಾಗುತ್ತದೆ.

ಟೆಂಡರ್ ಕಾಗದದಲ್ಲಿ ಏನಿರಬೇಕು

ಜಾಗದ ಪಾಲನ್ನು 1 ರೂಪಾಯಿಗೆ ಕಟ್ಟಿಹಾಕಿ, ವಿದ್ಯುತ್ ದರದ ಮೇಲೆ ಅತಿ ಕಡಿಮೆ ಸೇವಾ ಶುಲ್ಕ ಕೇಳುವವರಿಗೆ ಜಾಗ ಕೊಡುವುದು ಸರಿಯಾದ ದಾರಿ. ಸ್ಪರ್ಧೆ ನಡೆಯಬೇಕಾದ್ದು ಗ್ರಾಹಕರ ದರದ ಮೇಲೆ. ವಿದ್ಯುತ್ ಭಾಗ ಆಯೋಗದ ಆದೇಶದೊಂದಿಗೆ ತಾನಾಗಿ ಏರಿಳಿಯಲಿ. ಹತ್ತು ವರ್ಷಕ್ಕೆ ಒಂದೇ ದರ ಎಂದು ಬರೆಸಿಕೊಂಡರೆ ಮೂರನೇ ವರ್ಷಕ್ಕೆ ತಕರಾರು ಖಂಡಿತ.

ಅತಿ ಕಡಿಮೆ ಕೇಳಿದವರು ಯಂತ್ರ ಕೆಟ್ಟಾಗ ಕೈಬಿಡದಂತೆ, ತಿಂಗಳಲ್ಲಿ ಇಷ್ಟು ಹೊತ್ತು ಯಂತ್ರ ಚಾಲೂ ಇರಲೇಬೇಕು ಎಂಬ ಷರತ್ತು ಬೇಕು. ಶೇ 95 ಎಂದು ಬರೆದರೆ ತಿಂಗಳ 720 ಗಂಟೆಯಲ್ಲಿ 36 ಗಂಟೆ ಕೆಟ್ಟು ನಿಲ್ಲಲು ಅವಕಾಶ. ಅದನ್ನು ಯಂತ್ರಕ್ಕೆ ಲೆಕ್ಕ ಹಾಕದೆ ಪ್ರತಿ ಗನ್‌ಗೆ ಲೆಕ್ಕ ಹಾಕಬೇಕು. ಇಲ್ಲವಾದರೆ ಒಂದು ಗನ್ ವರ್ಷವಿಡೀ ಸತ್ತಿದ್ದರೂ ಕಾಗದದಲ್ಲಿ ಯಂತ್ರ ಜೀವಂತ. ಮೆಸ್ಕಾಂ ಕಡೆಯ ಕರೆಂಟ್ ಕಡಿತವನ್ನು ಹೊರಗಿಡುವುದು ನ್ಯಾಯ, ಆದರೆ ಅದಕ್ಕೆ ಮೀಟರ್ ದಾಖಲೆ ತೋರಿಸಬೇಕು.

ಬೋರ್ಡಿನ ಮೇಲೆ ಜಿಎಸ್‌ಟಿ ಸೇರಿದ ದರ, ಹೊತ್ತಿಗೆ ತಕ್ಕ ವ್ಯತ್ಯಾಸ, ಕಾಯಿಸಿದ ಶುಲ್ಕ ಕನ್ನಡದಲ್ಲಿ ಇರಲಿ. ಹಣ ಪಾವತಿಗೆ ಯುಪಿಐ ಸಾಕು. ಆ್ಯಪ್‌ನ ವಾಲೆಟ್‌ಗೆ 500 ತುಂಬಿಸಿ 140 ಬಳಸಿ ಹೋದ ಪ್ರವಾಸಿಗರ 360 ರೂಪಾಯಿ ಅಲ್ಲೇ ಕೂತಿರುತ್ತದೆ; ಯೂನಿಟ್ ದರಕ್ಕೆ ಕಾಣದಂತೆ ಸೇರುವ ಹೊರೆ ಅದು.

ಕಡಿಮೆ ದರ ನಿಜಕ್ಕೂ ಸಾಧ್ಯವಿರುವ ಜಾಗ

ರಿಕ್ಷಾ ಪಾರ್ಕ್‌ಗಳ ಪಕ್ಕದಲ್ಲಿ, ಮಾರ್ಕೆಟ್ ಕಟ್ಟಡಗಳ ಬದಿಯಲ್ಲಿ 3.3 ಕಿಲೋವಾಟ್‌ನ ಸಾದಾ ಎಸಿ ಪಾಯಿಂಟ್‌ಗಳನ್ನು ಹಾಕಿದರೆ ಲೆಕ್ಕವೇ ಬದಲಾಗುತ್ತದೆ. ಒಂದು ಪಾಯಿಂಟ್‌ಗೆ ವೈರಿಂಗ್ ಸೇರಿ 25 ಸಾವಿರ ಎಂದು ಹಿಡಿಯೋಣ. ಐದು ವರ್ಷದ ಸವಕಳಿ, ದುರಸ್ತಿ ಎಲ್ಲ ಸೇರಿ ವರ್ಷಕ್ಕೆ 9 ಸಾವಿರ, ದಿನಕ್ಕೆ 25 ರೂಪಾಯಿ. ದಿನಕ್ಕೆ 12 ಯೂನಿಟ್ ಹೋದರೂ ಯೂನಿಟ್ ಮೇಲಿನ ಹೊರೆ ಸುಮಾರು 2 ರೂಪಾಯಿ. ಎಸಿಯನ್ನು ಎಸಿಯಾಗಿಯೇ ಕೊಡುವುದರಿಂದ ಪರಿವರ್ತನೆಯ ನಷ್ಟ ಕೇಂದ್ರದವರಿಗಿಲ್ಲ. 7 ರೂಪಾಯಿ ವಿದ್ಯುತ್, 1 ರೂಪಾಯಿ ಜಾಗ, 2 ರೂಪಾಯಿ ಖರ್ಚು, ಮೇಲೆ ಜಿಎಸ್‌ಟಿ: 11.80. ಡಿಸಿ ಯಂತ್ರದಲ್ಲಿ ದಿನಕ್ಕೆ 640 ಯೂನಿಟ್ ಮಾರಿ ಮುಟ್ಟಬೇಕಿದ್ದ 12 ರೂಪಾಯಿ ಇಲ್ಲಿ 12 ಯೂನಿಟ್‌ಗೇ ಸಿಗುತ್ತದೆ.

ಹೊತ್ತು ಹಿಡಿಯುತ್ತದೆ ಎಂಬುದು ಇದರ ದೋಷ. ಆದರೆ ರಿಕ್ಷಾದವರ ದಿನಚರಿ ನೋಡಿದರೆ ಬೆಳಗಿನ ಶಾಲೆ, ಆಫೀಸಿನ ಬಾಡಿಗೆ ಮುಗಿದ ಮೇಲೆ ಮಧ್ಯಾಹ್ನ ಒಂದರಿಂದ ಮೂರೂವರೆಯವರೆಗೆ ಬಾಡಿಗೆ ತೆಳು. ಮಾರ್ಗಸೂಚಿ 0.7 ಪಟ್ಟು ಎನ್ನುವ ಬಿಸಿಲ ಹೊತ್ತೂ ಅದೇ. ಆ ಎರಡೂವರೆ ಗಂಟೆಯಲ್ಲಿ 3 ಕಿಲೋವಾಟ್‌ನ ಲೆಕ್ಕದಲ್ಲಿ ಏಳು ಯೂನಿಟ್‌ಗೂ ಹೆಚ್ಚು ಒಳಗೆ ಹೋಗುತ್ತದೆ. ಸಂಜೆ ನಾಲ್ಕಕ್ಕೆ ಶಾಲೆ ಬಿಡುವಾಗ ರಿಕ್ಷಾ ಮತ್ತೆ ಪಾರ್ಕ್‌ನ ಸಾಲಿನಲ್ಲಿರುತ್ತದೆ. ಸಾಕೆಟ್ ಮಾತ್ರ ಸಾಲಿನ ತುದಿಯಲ್ಲಿ ಇರಬಾರದು, ಪಕ್ಕದಲ್ಲಿರಬೇಕು. ಚಾರ್ಜ್‌ಗೆ ಹಾಕಿದ ರಿಕ್ಷಾ ಸರದಿ ಕಳೆದುಕೊಳ್ಳುವಂತಿದ್ದರೆ ದರ ಎಷ್ಟೇ ಕಡಿಮೆಯಿದ್ದರೂ ಯಾರೂ ಗಾಡಿ ತಂದು ನಿಲ್ಲಿಸುವುದಿಲ್ಲ.